ಎಲೆ ಫೋಟೊ ಅಲುಗಿದರೆ ಔಷಧಿಯೂ ತಪ್ಪುತ್ತೆ: ಮೊಬೈಲ್ ಹಿಡಿಯೋದು ಹೀಗೆ

ಕಳೆದ ಬೇಸಿಗೆಯಲ್ಲಿ ಪಕ್ಕದೂರಿನ ತಮ್ಮನೊಬ್ಬ ಮೆಣಸಿನ ಗಿಡದ ಫೋಟೊ ಕಳಿಸಿ, "ಅಣ್ಣಾ, ಎಲೆ ಮುದುರ್ತಿದೆ, ಏನ್ ಹೊಡೀಲಿ?" ಅಂತ ಕೇಳಿದ. ಸಂಜೆಗತ್ತಲಲ್ಲಿ ಒಂದೇ ಕೈಲಿ ತೆಗೆದ ಫೋಟೊ, ಪೂರ್ತಿ ಅಲುಗಿತ್ತು. ಇನ್ನೊಂದು ಫೋಟೊ ಕಳಿಸು ಅನ್ನಬೇಕಿತ್ತು. ಅನ್ನಲಿಲ್ಲ. ಥ್ರಿಪ್ಸ್ ಇರಬಹುದು ಅಂತ ಊಹಿಸಿ, ನೀಲಿ ಅಂಟು ಬಲೆ ಕಟ್ಟೋಕೆ ಹೇಳಿಬಿಟ್ಟೆ.

ಹತ್ತು ದಿನ ಬಿಟ್ಟು ಹೊಲಕ್ಕೇ ಹೋಗಿ ನೋಡಿದರೆ ಅದು ಮೈಟ್ ನುಸಿ! ಥ್ರಿಪ್ಸ್ ಬಂದರೆ ಎಲೆಯ ಅಂಚು ಮೇಲಕ್ಕೆ ಮುದುರುತ್ತದೆ. ಮೈಟ್ ಬಂದರೆ ಕೆಳಕ್ಕೆ ಮುದುರುತ್ತದೆ, ಎಲೆಯ ತೊಟ್ಟೂ ಉದ್ದವಾಗುತ್ತದೆ. ಫೋಟೊ ಸ್ಪಷ್ಟವಾಗಿದ್ದಿದ್ದರೆ ಇಷ್ಟು ಅವತ್ತೇ ಕಾಣುತ್ತಿತ್ತು. ಅಷ್ಟರಲ್ಲಿ ಅವನ ಒಂದು ಕೊಯ್ಲು ಕೈತಪ್ಪಿತ್ತು. ತಪ್ಪು ಇಬ್ಬರದೂ.

ಮೊದಲು ಮಸುಕು ಯಾವುದು ಅಂತ ಗುರುತಿಸಿ

ಫೋಟೊ ದೊಡ್ಡದು ಮಾಡಿ ನೋಡಿ.

- ಎಲೆ, ಕಾಂಡ, ಮಣ್ಣು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ.
- ಮಣ್ಣು ಸ್ಪಷ್ಟವಾಗಿದ್ದು ಎಲೆ ಮಾತ್ರ ಎಳೆದಂತಿದ್ದರೆ ಗಾಳಿಗೆ ಎಲೆ ಅಲುಗಿದೆ.
- ಹಿಂದಿನ ಮಣ್ಣು ಸ್ಪಷ್ಟ, ಎಲೆ ಮಂಜು ಮಂಜಾಗಿದ್ದರೆ ಫೋಕಸ್ ತಪ್ಪಿದೆ.

ರೋಗ ಗುರುತಿಸದೆ ಔಷಧಿ ಹೊಡೆಯಬಾರದು ಅಂತೀವಲ್ಲ, ಇಲ್ಲೂ ಹಾಗೇ. ಮೂರಕ್ಕೂ ಮದ್ದು ಬೇರೆ.

ಕೈ ಅಲುಗಿದರೆ

ಒಳ್ಳೆ ಬಿಸಿಲಲ್ಲಿ ಮೊಬೈಲ್ ಕ್ಯಾಮೆರಾ ಸೆಕೆಂಡಿನ 1/500 ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಚಿತ್ರ ತೆಗೆದು ಮುಗಿಸಬಲ್ಲದು. ಸಂಜೆ ಮಬ್ಬಿನಲ್ಲಿ ಬೆಳಕು ಸಾಲದೆ 1/20 ಸೆಕೆಂಡು, ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಕೈ ಸ್ವಲ್ಪ ನಡುಗಿದರೂ ಚಿತ್ರ ಕೆಡುತ್ತದೆ. ಹಾಗಾಗಿ:

1. ಬೆಳಿಗ್ಗೆ 8ರಿಂದ 10ರೊಳಗೆ ತೆಗೆಯಿರಿ. ಬೆಳಕು ಚೆನ್ನಾಗಿರುತ್ತೆ, ಸಾಮಾನ್ಯವಾಗಿ ಗಾಳಿಯೂ ಕಡಿಮೆ.
2. ಬಗ್ಗಿ ನಿಂತು ತೆಗೆಯಬೇಡಿ. ಒಂದು ಮಂಡಿ ಊರಿ ಕೂತು, ಮೊಣಕೈಯನ್ನು ಇನ್ನೊಂದು ಮಂಡಿಯ ಮೇಲೆ ಇಡಿ. ಎರಡೂ ಕೈಲಿ ಮೊಬೈಲ್ ಹಿಡಿಯಿರಿ.
3. ಉಸಿರು ನಿಧಾನವಾಗಿ ಬಿಟ್ಟು, ಆಮೇಲೆ ಒತ್ತಿ. ಪರದೆ ಒತ್ತುವಾಗಲೇ ಫೋನ್ ಅಲುಗುತ್ತಿದ್ದರೆ ವಾಲ್ಯೂಮ್ ಬಟನ್ ಅಥವಾ 3 ಸೆಕೆಂಡಿನ ಟೈಮರ್ ಬಳಸಿ.
4. ಜೂಮ್ ಮಾಡಬೇಡಿ. ಜೂಮ್ ಮಾಡಿದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ.

ಎಲೆ ಅಲುಗಿದರೆ

ಓಐಎಸ್ ಇರೋ ದುಬಾರಿ ಫೋನಾದರೂ ತಡೆಯೋದು ಕೈ ನಡುಕವನ್ನು ಮಾತ್ರ, ಗಾಳಿಗೆ ಆಡುವ ಎಲೆಯನ್ನಲ್ಲ. ನೈಟ್ ಮೋಡ್ ಕೂಡ ಇಲ್ಲಿ ಬೇಡ, ಅದು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೆ. ಗಾಳಿ ಬರುವ ಕಡೆ ನೀವೇ ಅಡ್ಡ ಕೂತುಕೊಳ್ಳಿ. ಜೊತೆಗಿರುವವರಿಗೆ ಕೊಂಬೆ ಹಿಡಿಯೋಕೆ ಹೇಳಿ. ಒಬ್ಬರೇ ಇದ್ದರೆ, ಮೊದಲು ಇಡೀ ಗಿಡದ ಫೋಟೊ ತೆಗೆದು, ಆಮೇಲೆ ಎಲೆ ಕಿತ್ತು ಬಿಳಿ ಹಾಳೆಯ ಮೇಲಿಟ್ಟು ಕೂಡಲೇ ತೆಗೆಯಿರಿ. ತಡ ಮಾಡಿದರೆ ಎಲೆ ಬಾಡಿ ತಾನಾಗೇ ಸುರುಳಿಕೊಳ್ಳುತ್ತೆ, ನೋಡುವವರಿಗೆ ಮತ್ತೆ ಗೊಂದಲ.

ಫೋಕಸ್ ತಪ್ಪಿದರೆ

ಮೊದಲು ಲೆನ್ಸ್ ಒರೆಸಿ, ಮಣ್ಣಿನ ಕೈ ತಾಗಿರುತ್ತೆ. ತೀರಾ ಹತ್ತಿರ ಹೋಗಬೇಡಿ, ಒಂದು ಗೇಣು ದೂರ ಇರಲಿ. ಪರದೆಯಲ್ಲಿ ಎಲೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಬೇಡದ ಭಾಗವನ್ನು ಆಮೇಲೆ ಕತ್ತರಿಸಬಹುದು.

ಕಳಿಸುವ ಮುಂಚೆ

ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ, ಈ ಮೂರು ಫೋಟೊ ಸಾಕು. ಪ್ರತಿಯೊಂದನ್ನೂ ಎರಡೆರಡು ಸಲ ತೆಗೆಯಿರಿ. ಹೊಲದಲ್ಲೇ ದೊಡ್ಡದು ಮಾಡಿ ನೋಡಿ, ಎಲೆಯ ನರ ಕಂಡರೆ ಫೋಟೊ ಸರಿಯಾಗಿದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಸ್ಪಷ್ಟತೆ ಕಡಿಮೆಯಾಗಲ್ಲ.

ಒಂದು ಮಾತು ನೆನಪಿರಲಿ. ಮೆಣಸಿನ ಮೈಟ್ ತುಂಬಾ ಸಣ್ಣದು, ಬರೀ ಮೊಬೈಲ್‌ಗೆ ಸಿಗಲ್ಲ. ಅದನ್ನು ನೋಡೋಕೆ 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ ಬೇಕು. ಆದರೆ ಎಲೆ ಮೇಲಕ್ಕೆ ಮುದುರಿದೆಯಾ, ಕೆಳಕ್ಕಾ ಅನ್ನೋದನ್ನು ನಿಮ್ಮ ಫೋಟೊ ಹೇಳಬಲ್ಲದು.

ಈಗ ನಾನೂ ಒಂದು ನಿಯಮ ಮಾಡಿಕೊಂಡಿದ್ದೀನಿ: ಅಲುಗಿದ ಫೋಟೊ ಬಂದರೆ ಔಷಧಿ ಹೇಳಲ್ಲ, ಇನ್ನೊಂದು ಫೋಟೊ ಕೇಳ್ತೀನಿ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಒಂದು ಒಳ್ಳೆ ಗಿಡದ ಮೇಲೇ ಇದನ್ನೆಲ್ಲ ಅಭ್ಯಾಸ ಮಾಡಿ. ರೋಗ ಬಂದಾಗ ಕಲಿಯೋಕೆ ಪುರುಸೊತ್ತು ಇರಲ್ಲ.