ಡೀಸೆಲ್ ನಳಿಕೆಯಲ್ಲಿ ಗಾಳಿ

1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿಯ ಅವಶ್ಯಕತೆಯಿಲ್ಲ. ಒತ್ತಡದಿಂದ ಕಾಯ್ದ ಗಾಳಿಯಲ್ಲಿ ಡೀಸೆಲ್ ಸಿಡಿದೊಡನೆ ತಾನಾಗಿಯೇ ಹೊತ್ತಿಕೊಳ್ಳುವದು. ಆದರೆ ಡೀಸೆಲ್ ಬರುವ ನಳಿಕೆಯಲ್ಲಿಯೇ ಗಾಳಿ ಸೇರಿದರೆ ಪಂಪಿನ ಒತ್ತಡಕ್ಕೆ ಆ ಗಾಳಿ ಕುಗ್ಗುವದೇ ಹೊರತು ಡೀಸೆಲ್ ಸಿಡಿಯದು. ಇದಕ್ಕೆ ನಮ್ಮ ಡ್ರೈವರರು ‘ಗಾಡಿ ಏರ್ ತೊಗೊಂಡೈತಿ’ ಎನ್ನುವರು.

ರಬಕವಿಯ ನಮ್ಮ ಮನೆಯ ಮುಂದೆ ತಂದೆಯವರ ಹಳೆಯ ಲಾರಿ ಕಬ್ಬಿನ ಹಂಗಾಮಿನಲ್ಲಿಯೇ ಹೀಗೆ ನಿಂತಿತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬಂದ ಬಳಿಕ ಬಿಗಿದರೆ ಗಾಡಿ ಓಡುವದು. ಮರುದಿನ ಮುಂಜಾನೆ ಮತ್ತೆ ಅದೇ ಪಾಡು. ದೊಡ್ಡ ಪಂಪನ್ನೇ ಬದಲಿಸಬೇಕೆಂದು ಮಿಸ್ತ್ರಿಯೊಬ್ಬರು ಹೇಳಿದರು. ಅದರ ಬೆಲೆ ಕೇಳಿ ತಂದೆಯವರು ಲಾರಿಯನ್ನು ಮಾರುವ ಮಾತಾಡಿದರು.

ಅಂದು ನಾವಿಬ್ಬರೂ ವಿಚಾರ ಮಾಡಿದೆವು. ಒತ್ತಡವಿರುವ ಕಡೆ ಸಂದಿಯಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕಬೇಕು, ಎಲ್ಲಿಯೂ ಹಸಿಯಿರಲಿಲ್ಲ. ಟಾಕಿಯಿಂದ ಡೀಸೆಲ್ಲನ್ನು ಎಳೆಯುವ ಕಡೆ ಸಂದಿಯಾದರೆ ಮಾತ್ರ ಏನೂ ಸೋರದೆ ಗಾಳಿ ಒಳಸೇರುವದು. ಆ ದಾರಿಯ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿದೆವು. ತಾಮ್ರದ ವಾಷರೊಂದು ವರ್ಷಗಟ್ಟಲೆ ಒತ್ತಿಸಿಕೊಂಡು ಗಡಸಾಗಿತ್ತು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆವು. ಹೀಗೆ ಮಾಡಿದರೆ ಉಕ್ಕು ಗಡಸಾಗುವದು, ತಾಮ್ರವಾದರೋ ಮೆತ್ತಗಾಗುವದು.

ಮರುಮುಂಜಾನೆ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಮುಂದೆ ಅದೇ ವಾಷರನ್ನು ಜಮಖಂಡಿಗೆ ಒಯ್ದು, ಒಳಸುತ್ತು, ಹೊರಸುತ್ತು, ದಪ್ಪ ಮೂರನ್ನೂ ಹೋಲಿಸಿ ಹೊಸದನ್ನು ತಂದೆವು.

ಹಳೆಯ ಗಾಡಿಯ ಸಾಮಾನು ಸಿಗುವದು ಕಷ್ಟವೆಂಬುದು ನಿಜ. ಆದರೆ ಸಾಮಾನು ಹುಡುಕುವ ಮೊದಲು ದೋಷವನ್ನು ಹುಡುಕಬೇಕು.