ಒಂದೇ ಊರಿನ ಲೆಕ್ಕ

ಹತ್ತು-ಹನ್ನೆರಡು ವರ್ಷದ ಮಕ್ಕಳೊಂದಿಗೆ ಬೇಸಿಗೆ ರಜೆಯಲ್ಲಿ ಮೊದಲ ಸಲ ವಿದೇಶಕ್ಕೆ ಹೊರಡುವ ಬೆಂಗಳೂರಿನ ಕುಟುಂಬದ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಇಂಥದೊಂದು ಪಟ್ಟಿ: ಏಳು ರಾತ್ರಿ, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್. ಹೆಚ್ಚುಕಡಿಮೆ ಅದೇ ದುಡ್ಡಿಗೆ ಮೂರು ದೇಶ ಸಿಗುವಾಗ ಒಂದೇ ಊರಿಗೆ ಹೋಗಿಬರುವುದು ನಷ್ಟವೆಂದೇ ಯಾರಿಗಾದರೂ ಅನ್ನಿಸುತ್ತದೆ. ನನ್ನ ಲೆಕ್ಕ ಬೇರೆ. ಮೊದಲ ಪ್ರವಾಸಕ್ಕೆ ಒಂದೇ ಊರು, ಒಂದೇ ಹೋಟೆಲು ಸಾಕು. ಕೊಟ್ಟ ದುಡ್ಡಿಗೆ ಹೆಚ್ಚು ದಕ್ಕುವುದು ಅದರಲ್ಲೇ. ಇಷ್ಟೊಂದು ಖರ್ಚು ಮಾಡಿ ನಾವು ಪಡೆಯುವುದು ಮಕ್ಕಳು ಹುರುಪಿನಿಂದ ಓಡಾಡುವ ಕೆಲವು ಗಂಟೆಗಳನ್ನು ಮಾತ್ರ. ಹಾಗಾಗಿ ಬೆಲೆಯನ್ನೂ ಗಂಟೆಯ ಲೆಕ್ಕದಲ್ಲೇ ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕು ಜನರ ಎಂಟು ದಿನದ ಪ್ರವಾಸಕ್ಕೆ ಒಟ್ಟು ₹3.60 ಲಕ್ಷ. ಹೋಗುವ, ಬರುವ ದಿನಗಳನ್ನು ಕಳೆದರೆ ಉಳಿಯುವುದು ಆರು ದಿನ. ದಿನಕ್ಕೆ 12 ಗಂಟೆಯಂತೆ 72 ಗಂಟೆ. ಅಂದರೆ ಗಂಟೆಗೆ ₹5,000. ಅದೇ ದುಡ್ಡಿಗೆ ಮೂರು ದೇಶ ಎಂದರೆ ನಡುವೆ ಎರಡು ಸಲ ಬಿಡಾರ ಎತ್ತಬೇಕು. ಹೋಟೆಲುಗಳು ರೂಮು ಬಿಡಿಸುವುದು ಬೆಳಗ್ಗೆ ಹನ್ನೊಂದು-ಹನ್ನೆರಡಕ್ಕೆ, ಮುಂದಿನ ಊರಿನಲ್ಲಿ ಕೊಡುವುದು ಮಧ್ಯಾಹ್ನ ಎರಡು-ಮೂರರ ಮೇಲೆ. ಆ ಬೆಳಗನ್ನು ಕಣ್ಣಮುಂದೆ ತಂದುಕೊಳ್ಳಿ: ಹಿಂದಿನ ಸಂಜೆ ಈಜಿ ಬಂದ ಒದ್ದೆ ಬಟ್ಟೆ ಪ್ಲಾಸ್ಟಿಕ್ ಕವರಿನೊಳಗೆ, ಮುಚ್ಚಲಾರದ ಸೂಟ್‌ಕೇಸಿನ ಮೇಲೆ ಕೂತ ಹುಡುಗ, ಚಾರ್ಜರ್ ರೂಮಿನಲ್ಲೇ ಉಳಿಯಿತೆಂದು ಮತ್ತೆ ಲಿಫ್ಟ್ ಹತ್ತಿದ ಅಪ್ಪ. ಆಮೇಲೆ ಟ್ಯಾಕ್ಸಿ, ಗಡಿ ತಪಾಸಣೆಯ ಸಾಲು, ಹೊತ್ತು ಮೀರಿದ ಊಟ. ಒಂದೊಂದು ಬದಲಾವಣೆಗೆ ಎಂಟು ಗಂಟೆ ಹಿಡಿದರೂ ಉಳಿಯುವುದು 56. ಗಂಟೆಯ ಬೆಲೆ ₹6,400 ದಾಟುತ್ತದೆ. ಉಳಿದ ಗಂಟೆಗಳಾದರೂ ಗಟ್ಟಿಯೇ ಎಂದು ತಿಳಿಯಲು ಪಟ್ಟಿಯ ಭಾಷೆಯನ್ನು ಓದಲು ಕಲಿಯಬೇಕು. ‘ಪನೋರಮಿಕ್ ಟೂರ್’ ಎಂದರೆ ಬಸ್ಸಿನ ಕಿಟಕಿಯಿಂದ ನೋಡುವುದು. ‘ಫೋಟೊ ಸ್ಟಾಪ್’ ಎಂದರೆ ಇಳಿದು, ಚಿತ್ರ ತೆಗೆದು, ಹತ್ತುವುದು. ಇವುಗಳಿಗೆ ಅಡಿಗೆರೆ ಎಳೆದು ನೋಡಿದರೆ ಹೋದ ಪುಟ್ಟ ಬಂದ ಪುಟ್ಟ ಎಂಬಂಥ ಜಾಗಗಳು ಎಷ್ಟಿವೆ ಎಂದು ಅಲ್ಲೇ ಗೊತ್ತಾಗುತ್ತದೆ.

‘ವಿಮಾನಕ್ಕೆ ಹೇಗೂ ಕೊಟ್ಟಾಯಿತು, ಪಕ್ಕದ ದೇಶವನ್ನೂ ನೋಡಿಬಿಡೋಣ’ ಎನ್ನುವುದು ತಳ್ಳಿಹಾಕುವ ಮಾತಲ್ಲ. ಅಮೆರಿಕಕ್ಕೋ ಯುರೋಪಿಗೋ ಹೋಗುವವರಿಗೆ ಅದು ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ, ಕ್ವಾಲಾಲಂಪುರಕ್ಕೆ ನಾಲ್ಕು ಗಂಟೆಯ ಆಸುಪಾಸು. ಇಷ್ಟು ಹತ್ತಿರದ ಊರಿಗೆ ಇನ್ನೊಂದು ವರ್ಷ ಹೋಗುವುದು ಅಸಾಧ್ಯವೇನಲ್ಲ. ಜೊತೆಗೆ, ಸೇರಿಸುವ ಒಂದೊಂದು ದೇಶಕ್ಕೂ ನಾಲ್ಕು ಜನರ ಪ್ರಯಾಣ, ಹೊಸ ಸಿಮ್, ಹೊಸ ಕರೆನ್ಸಿ ಬೇಕು. ರೂಪಾಯಿಯನ್ನು ಬೇರೆ ಕರೆನ್ಸಿಗೆ ಬದಲಿಸಿದಾಗಲೆಲ್ಲ ಸ್ವಲ್ಪ ಸೋರುತ್ತದೆ. ನಮ್ಮ ಹಲವು ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿನ ಮೇಲಿನ ಶುಲ್ಕವೇ ಶೇ 3.5ರವರೆಗೆ ಇರುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಒಂದೇ ಊರಿನಲ್ಲಿ ಮಕ್ಕಳಿಗೆ ಬೇಸರವಾಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಊರಿನ ಆಯ್ಕೆಯಲ್ಲಿದೆ. ನಾನು ಸಿಂಗಪುರವನ್ನು ಮುಂದಿಡುವುದು ಅದಕ್ಕಾಗಿಯೇ. ಅಲ್ಲಿ ಹೋಟೆಲು ದುಬಾರಿ, ಅದನ್ನು ಮುಚ್ಚಿಡಲಾಗದು. ಆದರೆ ದುಡ್ಡು ಕೊಡದೆ ನೋಡುವುದೂ ಬಹಳ. ಯುನೆಸ್ಕೋ ಪಟ್ಟಿಯಲ್ಲಿರುವ ಬೊಟಾನಿಕ್ ಗಾರ್ಡನ್‌ಗೆ ಪ್ರವೇಶ ಉಚಿತ. ಗಾರ್ಡನ್ಸ್ ಬೈ ದ ಬೇಯ ಲೋಹದ ಮಹಾವೃಕ್ಷಗಳ ಕೆಳಗೆ ಕತ್ತಲಾದ ಮೇಲೆ ನಡೆಯುವ ದೀಪ-ಸಂಗೀತಕ್ಕೂ ಟಿಕೆಟ್ ಇಲ್ಲ. ದುಡ್ಡನ್ನು ಉಳಿಸಿಟ್ಟು 1994ರಲ್ಲಿ ಶುರುವಾದ ನೈಟ್ ಸಫಾರಿಯಂಥ ಒಂದೆರಡಕ್ಕೆ ಸುರಿಯಬಹುದು. ಕತ್ತಲಲ್ಲಿ ಓಡಾಡುವ ಪ್ರಾಣಿಗಳನ್ನು ತೋರಿಸಲೆಂದೇ ಕಟ್ಟಿದ ಜಗತ್ತಿನ ಮೊದಲ ಮೃಗಾಲಯ ಅದು. ಇದಕ್ಕಿಂತ ದೊಡ್ಡ ಲಾಭ ಮೆಟ್ರೋದ್ದು. ನಕ್ಷೆ ಹಿಡಿದು ಎಲ್ಲಿ ಇಳಿಯಬೇಕು, ಯಾವ ಬಣ್ಣದ ಮಾರ್ಗಕ್ಕೆ ಬದಲಿಸಬೇಕು ಎಂದು ಹನ್ನೊಂದರ ಹುಡುಗಿ ಮೂರನೇ ದಿನಕ್ಕೆ ಅಪ್ಪ-ಅಮ್ಮನಿಗೇ ಹೇಳಬಲ್ಲಳು. ಈ ವಯಸ್ಸಿನ ಮಕ್ಕಳು ಬೇಡುವುದೇ ಆ ಸ್ವಾತಂತ್ರ್ಯವನ್ನು. ಊರು ಪರಿಚಯವಾಗದೆ ಅದು ದಕ್ಕುವುದಿಲ್ಲ, ಎರಡು ದಿನದಲ್ಲಿ ಊರು ಪರಿಚಯವಾಗುವುದೂ ಇಲ್ಲ. ಏಪ್ರಿಲ್-ಮೇನಲ್ಲಿ ಅಲ್ಲಿ ಮಧ್ಯಾಹ್ನ ಗುಡುಗು-ಮಳೆ ಸಾಮಾನ್ಯ. ಒಂದೇ ಕಡೆ ಇದ್ದವರು ಇವತ್ತಿನ ಮೃಗಾಲಯವನ್ನು ನಾಳೆಗೆ ಹಾಕಿಕೊಂಡು ಮ್ಯೂಸಿಯಮ್ಮಿಗೆ ಹೋಗಬಹುದು. ಮಗುವಿಗೆ ಜ್ವರ ಬಂದರೂ ಅಷ್ಟೇ, ಒಂದು ದಿನ ಹೋದೀತು, ಮುಂದಿನ ಊರಿನ ಬುಕಿಂಗ್ ಕೈತಪ್ಪುವುದಿಲ್ಲ.

ಪ್ಯಾಕೇಜಿನ ಪರವಾಗಿ ಹೇಳುವುದೇನೂ ಇಲ್ಲವೆಂದಲ್ಲ. ಅಜ್ಜ-ಅಜ್ಜಿ ಜೊತೆಗಿದ್ದರೆ ಬಾಗಿಲಿಗೇ ಬರುವ ಬಸ್ಸಿಗೆ ಬೆಲೆಯಿದೆ. ಸಸ್ಯಾಹಾರದ ಚಿಂತೆಗೆ ಮಾತ್ರ ಪ್ಯಾಕೇಜು ಬೇಕಿಲ್ಲ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ ಸಿಗುತ್ತವೆ. ಪ್ಯಾಕೇಜೇ ಕೊಳ್ಳುವುದಾದರೆ ಅದರ ಬೆಲೆಯ ಜೊತೆಗೇ ವಸೂಲಾಗುವ ತೆರಿಗೆ, ಅಂದರೆ ಟಿಸಿಎಸ್ ಕಟ್ಟಲು ಕೈಯಲ್ಲಿ ಹಣವಿರಲಿ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಅದು ನಿಮ್ಮ ಕೈಗೆ ಸಿಗದು.

ಇನ್ನು ಹನ್ನೆರಡನೇ ಹುಟ್ಟುಹಬ್ಬದ ವಿಚಾರ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಮಕ್ಕಳ ದರ ಕೊಡುವ ವಿಮಾನ ಕಂಪನಿಗಳಲ್ಲಿ ಅದು 12 ತುಂಬುವವರೆಗೆ ಮಾತ್ರ, ಅದೂ ಟಿಕೆಟ್ ಕೊಂಡ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ ಎಣಿಸುವ ವಯಸ್ಸು. ಎಷ್ಟೋ ಹೋಟೆಲುಗಳು ಅಪ್ಪ-ಅಮ್ಮನ ರೂಮಿನಲ್ಲಿ ಮಗುವಿಗೆ ಜಾಗ ಕೊಡುವುದೂ ಸುಮಾರು ಇದೇ ವಯಸ್ಸಿನವರೆಗೆ. ಆಮೇಲೆ ಹೆಚ್ಚುವರಿ ಹಾಸಿಗೆ ಇಲ್ಲವೇ ಎರಡನೇ ರೂಮು. ಸಿಂಗಪುರದ ಮೃಗಾಲಯದಲ್ಲಿ 12ರವರೂ ಮಕ್ಕಳೇ, ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಅಲ್ಲ. ಹಾಗಾಗಿ ದೊಡ್ಡ ಮಗುವಿಗೆ ಈ ಮೇ ತಿಂಗಳಲ್ಲಿ ಹನ್ನೆರಡು ತುಂಬುವುದಾದರೆ ಹಿಂತಿರುಗುವ ತಾರೀಖು ಹುಟ್ಟುಹಬ್ಬಕ್ಕೆ ಮುಂಚೆ ಬೀಳುವಂತೆ ಟಿಕೆಟ್ ಮಾಡಿಸಿ, ಹಬ್ಬವನ್ನು ಮನೆಯಲ್ಲೇ ಮಾಡಿ.