ಕೆಲಸ ತಪ್ಪಿದಾಗ ದೊರೆಯುವ ನೆರವು

ದುಡಿಯುವವನ ಸಂಸಾರಕ್ಕೆ ತಿಂಗಳ ಸಂಬಳವೇ ಆಧಾರ. ಸಂಬಳ ನಿಂತರೂ ಮನೆಬಾಡಿಗೆ, ಕಿರಾಣಿ ಅಂಗಡಿಯ ಬಾಕಿ, ಮಕ್ಕಳ ಪುಸ್ತಕದ ವೆಚ್ಚ ಇವು ನಿಲ್ಲುವುದಿಲ್ಲ. ವಿಜಾಪುರ, ಗದಗ, ಧಾರವಾಡಗಳ ಕಡೆಯಿಂದ ಬಂದು ಗೋವೆಯಲ್ಲಿ ನೆಲಸಿದ ನಮ್ಮವರಿಗೆ ಇಂಥ ಕಾಲದಲ್ಲಿ ಊರಿನ ಹೊಲವಾಗಲಿ, ಬಂಧುಬಳಗವಾಗಲಿ ಹತ್ತಿರವಿರುವುದಿಲ್ಲ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗೋವೆಯ ಗಣಿಗಾರಿಕೆಯನ್ನು ತಡೆಯಿತು. 2018ರ ಫೆಬ್ರವರಿ 7ರಂದು ಅದೇ ನ್ಯಾಯಾಲಯವು 88 ಗಣಿ ಗುತ್ತಿಗೆಗಳ ನವೀಕರಣವನ್ನು ರದ್ದುಗೊಳಿಸಲು, ಮಾರ್ಚ್ 16ರಿಂದ ಕೆಲಸ ಮತ್ತೊಮ್ಮೆ ನಿಂತಿತು. ಗಣಿಯವರೊಡನೆ ಲಾರಿ ಚಾಲಕರೂ ಬಾರ್ಜಿನ ಕೆಲಸಗಾರರೂ ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು. ಕೆಲಸ ತಪ್ಪುವುದು ದುಡಿಯುವವನ ದೋಷದಿಂದಲೇ ಅಲ್ಲವೆಂಬುದಕ್ಕೆ ಇದು ನಿದರ್ಶನ.

ಈ ಕಷ್ಟಕ್ಕೆ ವಿಮೆಯ ಪರಿಹಾರವನ್ನು ಬ್ರಿಟನ್ ದೇಶವು 1911ರ ಕಾಯಿದೆಯಿಂದ ಕಲ್ಪಿಸಿತು. ಕೆಲವು ಕಸುಬುಗಳವರಿಗೆ ವಾರಕ್ಕೆ 7 ಷಿಲಿಂಗಿನಂತೆ ವರ್ಷದಲ್ಲಿ 15 ವಾರಗಳವರೆಗೆ ಅಲ್ಲಿ ಭತ್ಯ ದೊರೆಯುತ್ತಿತ್ತು. ನಮ್ಮ ದೇಶದಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ 1948ರಲ್ಲಿ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪಂಡಿತ ನೆಹರೂ ಅವರಿಂದ ಯೋಜನೆಯಾಗಿ ಉದ್ಘಾಟಿತವಾಯಿತು. ಜನರು ‘ಇ.ಎಸ್.ಐ.’ ಎನ್ನುವುದು ಇದನ್ನೇ. ಕಾಯಿಲೆ, ಹೆರಿಗೆ, ಅಪಘಾತಗಳಿಗೆ ಮೊದಲಿನಿಂದಲೂ ಇದರಲ್ಲಿ ನೆರವಿತ್ತು. ನಿರುದ್ಯೋಗಕ್ಕೆ ನೆರವು ಸೇರಿದ್ದು 2005ರಲ್ಲಿ.

ಇದು ದಾನವಲ್ಲವೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ತಿಂಗಳಿಗೆ 21,000 ರೂಪಾಯಿಯವರೆಗೆ ವೇತನವಿರುವ ಕೆಲಸಗಾರನು ಈ ವಿಮೆಗೆ ಒಳಪಡುವನು. 2019ರ ಜುಲೈಯಿಂದ ಕೆಲಸಗಾರನ ವಂತಿಗೆ ವೇತನದ ಶೇಕಡಾ 0.75, ಮಾಲಿಕನದು ಶೇಕಡಾ 3.25. ವೇತನ 15,600 ರೂಪಾಯಿಯಾದರೆ ಕೆಲಸಗಾರನಿಂದ 117, ಮಾಲಿಕನಿಂದ 507 ರೂಪಾಯಿ ಪ್ರತಿ ತಿಂಗಳೂ ಸಂದಾಯವಾಗತಕ್ಕದ್ದು. ಹೀಗೆ ಕೂಡಿದ ನಿಧಿಯಿಂದಲೇ ನೆರವು ಬರುವುದು.

ನೆರವಿಗೆ ಎರಡು ದಾರಿಗಳಿವೆ. ಮೊದಲನೆಯದು 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದಾಗ, ಹೆಚ್ಚುವರಿಯೆಂದು ಕೆಲಸದಿಂದ ತೆಗೆದಾಗ, ಇಲ್ಲವೆ ಕೆಲಸಕ್ಕೆ ಸಂಬಂಧಿಸದ ಪೆಟ್ಟಿನಿಂದ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಒದಗಿದಾಗ ಇದು ಅನ್ವಯಿಸುವುದು. ಆರಂಭದಲ್ಲಿ 6 ತಿಂಗಳಿದ್ದ ಅವಧಿ ಕ್ರಮೇಣ 24 ತಿಂಗಳಿಗೆ ಬೆಳೆಯಿತು. ಎರಡನೆಯದು 2018ರಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಮೊದಲು ಸರಾಸರಿ ದಿನಗೂಲಿಯ ಕಾಲುಭಾಗವಿದ್ದ ಭತ್ಯವು 2020ರಲ್ಲಿ ಅರ್ಧಕ್ಕೆ ಏರಿತು. 90 ದಿನಗಳು ಇದರ ಮಿತಿ. ದಿನಕ್ಕೆ 600 ರೂಪಾಯಿ ಗಳಿಸುತ್ತಿದ್ದವನಿಗೆ 300ರಂತೆ ಒಟ್ಟು 27,000 ರೂಪಾಯಿ ಆಗುವುದು. ಕನಿಷ್ಠ ಎರಡು ವರ್ಷ ವಿಮೆಗೊಳಪಟ್ಟ ಉದ್ಯೋಗದಲ್ಲಿರಬೇಕು. ವಂತಿಗೆಯ ದಿನಗಳೂ ಸಾಕಷ್ಟಿರಬೇಕು. 2020ರ ಬದಲಾವಣೆಯಂತೆ, ಕೆಲಸ ಹೋಗಿ 30 ದಿನಗಳಾದ ಮೇಲೆ ಮಾಲಿಕನ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಅರ್ಜಿ ಸಲ್ಲಿಸಬಹುದಾಯಿತು. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿಯ ದಿನ ಜಾರಿಯಲ್ಲಿರುವ ನಿಯಮವನ್ನು ನಿಗಮದ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಇಲ್ಲಿ ಒಂದು ಮಾತನ್ನು ತಂದೆತಾಯಿಗಳು ಮುಖ್ಯವಾಗಿ ಗಮನಿಸಬೇಕು. ತಾನಾಗಿ ಕೆಲಸ ಬಿಟ್ಟವನಿಗೆ ಈ ನೆರವುಗಳಿಲ್ಲ. ಕೆಲಸದಿಂದ ತೆಗೆಯುವ ದಿನ ಮುಂದಿಟ್ಟ ಕಾಗದದಲ್ಲಿ ‘ರಾಜೀನಾಮೆ’ ಎಂದು ಬರೆದಿದ್ದು, ಅದನ್ನು ಓದದೆ ರುಜು ಮಾಡಿದರೆ ವರ್ಷಗಳ ವಂತಿಗೆಯಿಂದ ಬಂದ ಹಕ್ಕು ಒಂದು ಗಳಿಗೆಯಲ್ಲಿ ಕೈಬಿಡುವುದು. ಹೆಚ್ಚುವರಿಯೆಂದು ತೆಗೆಯುವಾಗ, ಒಂದು ವರ್ಷ ಸತತವಾಗಿ ದುಡಿದ ಕಾರ್ಖಾನೆಯ ಕಾರ್ಮಿಕನಿಗೆ ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ವೇತನ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ವೇತನ ಸಲ್ಲಬೇಕು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿದ್ದ ಈ ನಿಯಮವು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ರಾಜೀನಾಮೆ ಇತ್ತವನಿಗೆ ಇದೂ ಇಲ್ಲ.

ಹೆಸರೇ ದಾಖಲಾಗದವನಿಗೆ ಈ ದಾರಿಗಳು ತೆರೆಯುವುದಿಲ್ಲ. 1948ರ ಕಾಯಿದೆಯು ಗಣಿಗಳನ್ನು ‘ಕಾರ್ಖಾನೆ’ ಎಂಬ ಪದದಿಂದ ಹೊರಗಿಟ್ಟಿತ್ತು. ಆದುದರಿಂದ 2018ರಲ್ಲಿ ಗಣಿಯೊಳಗಿನ ದುಡಿಮೆ ಕಳೆದುಕೊಂಡವರಿಗೆ ಈ ವಿಮೆಯ ಆಸರೆ ಇರಲಿಲ್ಲ. ಕಟ್ಟಡದ ಕೆಲಸಗಾರರಿಗೆ ಪ್ರತ್ಯೇಕ ಕಲ್ಯಾಣ ಮಂಡಳಿಯುಂಟು. ವರ್ಷದಲ್ಲಿ 90 ದಿನ ದುಡಿದವರು ಅಲ್ಲಿ ಹೆಸರು ನೋಂದಾಯಿಸಬೇಕು.

ವಿದ್ಯಾರ್ಥಿ ಮಿತ್ರರೇ, ಅಕ್ಷರ ಕಲಿತ ನಿಮ್ಮಿಂದ ಮನೆಗೆ ಆಗಬೇಕಾದ ಉಪಕಾರ ಇಲ್ಲಿದೆ. ತಂದೆಯವರ ಅಥವಾ ತಾಯಿಯವರ ವಿಮಾ ಸಂಖ್ಯೆ, ವೇತನದ ಚೀಟಿಗಳು, ನೇಮಕದ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇವನ್ನು ಒಂದು ಚೀಲದಲ್ಲಿ ಕೂಡಿಸಿಡಿರಿ. ಆಧಾರ್ ಚೀಟಿಯಲ್ಲಿಯೂ ಪಾಸ್‌ಬುಕ್ಕಿನಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ತೆರನಾಗಿವೆಯೇ ನೋಡಿರಿ. ಇಂಗ್ಲಿಷಿನಲ್ಲಿರುವ ಕಾಗದವನ್ನು ಅವರಿಗೆ ಓದಿ ಹೇಳಿರಿ. ನಿಮಗೆ ತಿಳಿಯದಿದ್ದರೆ ಗುರುಗಳ ಬಳಿಗೆ ತನ್ನಿರಿ. ಕೆಲಸ ಇರುವಾಗ ಜೋಪಾನ ಮಾಡಿದ ಕಾಗದವೇ ಕೆಲಸ ಹೋದಾಗ ಸಾಕ್ಷಿ ನುಡಿಯುವುದು.

ಅಭ್ಯಾಸ: 1. ದಿನಗೂಲಿ 500 ರೂಪಾಯಿ ಇದ್ದವನಿಗೆ ಅರ್ಧದಂತೆ 90 ದಿನಗಳ ಭತ್ಯವೆಷ್ಟು? 2. ಏಳು ಪೂರ್ಣ ವರ್ಷ ದುಡಿದವನನ್ನು ಹೆಚ್ಚುವರಿಯೆಂದು ತೆಗೆದರೆ ಎಷ್ಟು ದಿನಗಳ ವೇತನ ಸಲ್ಲಬೇಕು? 3. ರಾಜೀನಾಮೆಗೂ ಕೆಲಸದಿಂದ ತೆಗೆಯುವುದಕ್ಕೂ ಇರುವ ಭೇದವನ್ನು ನಿಮ್ಮ ಮಾತುಗಳಲ್ಲಿ ಬರೆದು, ಮನೆಯಲ್ಲಿ ಓದಿ ಹೇಳಿರಿ.